ಜಿಲಾನಿ ಪಾಷಾ ವೆಬ್‌ಸೈಟ್ ಬರೆದದ್ದು

ರಾಯಚೂರಿನಿಂದ ಮಾನ್ವಿಗೆ, ದೇವದುರ್ಗಕ್ಕೆ ಹೋಗುವ ದಾರಿಗಳಲ್ಲಿ ಒಂದು ಕಾಲಕ್ಕೆ ಯಾವ ಅಂಗಡಿಯ ಬೋರ್ಡು ನೋಡಿದರೂ ಕೆಳಮೂಲೆಯಲ್ಲಿ ಸಣ್ಣದಾಗಿ ‘ಜಿಲಾನಿ ಆರ್ಟ್ಸ್’ ಎಂದು ಇರುತ್ತಿತ್ತು. ಕಲ್ಮಲದ ಹಾಲಿನ ಡೇರಿ, ದೇವದುರ್ಗದ ಸೈಕಲ್ ಅಂಗಡಿ, ಮಠದ ಪ್ರಸಾದ ನಿಲಯ, ದರ್ಗಾದ ಕಮಾನು, ಎಲ್ಲಕ್ಕೂ ಅಕ್ಷರ ರಾಯಚೂರಿನ ಜಿಲಾನಿ ಪಾಷಾನದೇ. ಮನೆಯಲ್ಲಿ ಮಾತು ದಖನಿ, ಕೈಯಲ್ಲಿ ಕನ್ನಡ. ಅವನು ಬರೆದ ‘ಳ’ದ ತಿರುವು ನೋಡಲು ಕನ್ನಡ ಮಾಸ್ತರರೇ ಸೈಕಲ್ ನಿಲ್ಲಿಸುತ್ತಿದ್ದರು.

ಫ್ಲೆಕ್ಸ್ ಬಂದ ಮೇಲೆ ಕೆಲಸ ಕಮ್ಮಿಯಾಯಿತು, ನಿಂತುಹೋಗಲಿಲ್ಲ. ಶಾಲೆಯ ಗೋಡೆ, ಲಾರಿಯ ಹಿಂಬದಿ, ‘ನಮಗೆ ಬ್ರಶ್ಶಿನದೇ ಬೇಕು’ ಅನ್ನುವ ಹಳೇ ಗಿರಾಕಿಗಳು, ಇಷ್ಟು ಉಳಿದಿತ್ತು. ಐವತ್ತಾರರ ಪಾಷಾ ಅದರಲ್ಲೇ ಆರಾಮಾಗಿದ್ದ. ಮಗಳು ನಿಗಾರ್ ಡಿಪ್ಲೊಮಾ ಮುಗಿಸಿ, ಹೈದರಾಬಾದಿನ ಕಂಪನಿಯೊಂದಕ್ಕೆ ಮನೆಯಲ್ಲೇ ಕುಂತು ಕೆಲಸ ಮಾಡುತ್ತಿದ್ದಳು. ಏನು ಕೆಲಸ ಎಂದು ಯಾರಾದರೂ ಕೇಳಿದರೆ ಪಾಷಾ ‘ಕಂಪ್ಯೂಟರಿಂದು’ ಎಂದು ಹೇಳಿ ಮಾತು ಬದಲಿಸುತ್ತಿದ್ದ.

ದೀಪಾವಳಿ ಮುಗಿದ ವಾರದಲ್ಲಿ ಮಾನ್ವಿಯಿಂದ ಫೋನು ಬಂತು. ಅಕ್ಕಿ ಗಿರಣಿಯ ಜಂಬಣ್ಣ ಸಾವ್ಕಾರ.

“ಪಾಷಾ, ನಮ್ಮ ಮಿಲ್ಲಿಗೆ ಒಂದು ವೆಬ್‌ಸೈಟ್ ಆಗಬೇಕಪ್ಪಾ. ನಮ್ಮಪ್ಪನ ಕಾಲದಾಗ ಬೋರ್ಡ್ ಬರ್ದಾವ ನೀನು. ಇದನ್ನೂ ನೀನೇ ಬರೀಬೇಕು.”

ಹಳೇ ಗಿರಾಕಿಗೆ ಇಲ್ಲ ಅಂದು ಪಾಷಾನಿಗೆ ರೂಢಿಯಿರಲಿಲ್ಲ. “ಆತ್ರಿ ಸಾವ್ಕಾರ್ರ, ಬರದ್ಕೊಡ್ತೀನ್ರಿ” ಎಂದುಬಿಟ್ಟ. ಫೋನು ಕೆಳಗಿಟ್ಟು ಒಳಮನೆಗೆ ಹೋಗಿ ಮಗಳನ್ನು ಕೇಳಿದ.

“ಬೇಟಿ, ವೆಬ್‌ಸೈಟ್ ಅಂದ್ರ ಎಷ್ಟು ಫೂಟು?”

ನಿಗಾರ್ ಕುರ್ಚಿಯಲ್ಲೇ ಬಾಗಿ ನಕ್ಕಳು. ಅಡುಗೆಮನೆಯಿಂದ ಹೆಂಡತಿ ಸುಗ್ರಾ ಬೇಗಂ ಹೊರಗೆ ಬಂದು, ಏನಾಯಿತೆಂದು ಕೇಳಿ, ತಾನೂ ನಕ್ಕಳು. “ಗೊತ್ತಿಲ್ಲದ್ದಕ್ಕ ಹೂಂ ಅಂತ ಯಾಕ ಅಂದ್ರಿ? ಮಗಳ ಕೈಲೆ ಮಾಡಿಸಿ ಕೊಟ್ಟುಬಿಡ್ರಿ” ಎಂದಳು.

ಆದರೆ ನಿಗಾರ್ ನಗು ನಿಲ್ಲಿಸಿ ಬೇರೆಯೇ ಮಾತು ಹೇಳಿದಳು. “ನೀವು ಬರೀತೀನಿ ಅಂದೀರಿ ಅಬ್ಬಾ. ನೀವೇ ಬರೀರಿ. ನಾ ಕಲಿಸ್ತೀನಿ.”

ಅವತ್ತಿನಿಂದ ದಿನಾ ಸಂಜೆಮುಂದೆ ಅಸರ್ ನಮಾಜು ಮುಗಿದ ಮೇಲೆ ಒಂದು ತಾಸು ತಂದೆಗೆ ಪಾಠ. ನಿಗಾರಳ ಪಕ್ಕದಲ್ಲಿ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು, ಕನ್ನಡಕ ಮೂಗಿನ ತುದಿಗಿಳಿಸಿ, ಪಾಷಾ ಶಾಲೆಯ ಹುಡುಗನಂತೆ ಕೂರುತ್ತಿದ್ದ. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಲೂ ಇದ್ದ.

“ಮೊದಲು ಜಾಗದ ಮಾತು” ಅಂದಳು ನಿಗಾರ್. “ಎಲ್ಲೋ ಒಂದು ಕಡಿ ದೊಡ್ಡ ಕಂಪ್ಯೂಟರು ಹಗಲೂ ರಾತ್ರಿ ಬಂದ್ ಆಗದಂಗ ನಡೀತಿರ್ತದ. ಅದಕ್ಕ ಸರ್ವರ್ ಅಂತಾರ. ಅದರಾಗ ನಮ್ಮ ಫೈಲು ಇಡಾಕ ಜಾಗ ಬಾಡಿಗಿ ತಗೋತೀವಿ, ಅದು ಹೋಸ್ಟಿಂಗು. ಆ ಜಾಗಕ್ಕ ಜನ ಹುಡುಕ್ಕೊಂಡು ಬರಬೇಕಂದ್ರ ಒಂದು ಹೆಸರು ಬೇಕು. ಅದು ಡೊಮೇನು.”

“ಅಂದ್ರ ಮಳಿಗಿ ಬ್ಯಾರೆ, ಮಳಿಗಿ ಹೆಸರು ಬ್ಯಾರೆ.”

“ಹೌದು. ಹೆಸರನ್ನೂ ವರ್ಷ ವರ್ಷ ರಿನ್ಯೂ ಮಾಡಿಸ್ಬೇಕು. ಮರೆತ್ರ ಬ್ಯಾರೇದವರು ತಗೊಂಡುಬಿಡ್ತಾರ.”

“ಹೆಸರಿಗೂ ಬಾಡಿಗೀನಾ!” ಎಂದು ಪಾಷಾ ಬೆರಗಾಗಿ ಬರೆದುಕೊಂಡ. ಫೋನಿನಲ್ಲಿ ಹೆಸರು ಹೊಡೆದ ಕೂಡಲೇ ಬ್ರೌಸರ್ ಎಂಬುದು ಸರ್ವರಿನ ಹತ್ತಿರ ಹೋಗಿ ಫೈಲು ಕೇಳುತ್ತದೆ, ಸರ್ವರ್ ಕೊಡುತ್ತದೆ, ಬ್ರೌಸರ್ ಅದನ್ನು ತಂದು ನಮ್ಮ ಕಣ್ಣ ಮುಂದೆ ಹರವುತ್ತದೆ ಎಂಬುದನ್ನು ಅವನು ಎರಡು ಸಲ ಕೇಳಿ ತಿಳಿದುಕೊಂಡ. ಕಣ್ಣು ಮಿಟುಕಿಸುವಷ್ಟರಲ್ಲಿ ಇಷ್ಟೆಲ್ಲ ಆಗುತ್ತದೆಂದರೆ ಅವನಿಗೆ ನಂಬಿಕೆಯಾಗಲಿಲ್ಲ. ಮಗಳು ಸುಳ್ಳು ಹೇಳುವವಳಲ್ಲ ಎಂದು ಒಪ್ಪಿಕೊಂಡ.

ಎಚ್‌ಟಿಎಂಎಲ್ ಅವನಿಗೆ ಬೇಗ ಹಿಡಿಸಿತು. ಯಾವುದು ತಲೆಬರಹ, ಯಾವುದು ಮಾತು, ಯಾವುದು ಚಿತ್ರ ಎಂದು ಬ್ರೌಸರಿಗೆ ತಿಳಿಸಿ ಹೇಳುವ ಬರಹ ಅದು. ಪ್ರತಿ ಮಾತಿನ ಮುಂದೆ ತೆರೆಯುವ ಗುರುತೊಂದು, ಹಿಂದೆ ಮುಚ್ಚುವ ಗುರುತೊಂದು, ಅವೇ ಟ್ಯಾಗು. ಒಂದು ದಿನ ಪಾಷಾ ‘ಭತ್ತ ಖರೀದಿ’ ಎಂಬ ಎರಡು ಶಬ್ದ ದಪ್ಪಗೆ ಕಾಣಲಿ ಎಂದು ಟ್ಯಾಗು ಹಾಕಿದ. ನೋಡಿದರೆ ಅಲ್ಲಿಂದ ಕೆಳಗೆ ಇಡೀ ಪುಟವೇ ದಪ್ಪಗಾಗಿ ಕೂತಿತ್ತು. ವಿಳಾಸ ದಪ್ಪ, ಫೋನ್ ನಂಬರು ದಪ್ಪ, ಕಡೆಗೆ ‘ವಂದನೆಗಳು’ ಕೂಡ ದಪ್ಪ.

“ಯಾಕ ಬೇ, ಎಲ್ಲಾರ ಮೈಗೂ ಬಾವು ಬಂದಂಗಾತಲ್ಲ?”

“ತೆರೆದ ಟ್ಯಾಗು ಮುಚ್ಚಿಲ್ಲ ನೀವು.”

ಪಾಷಾ ಮುಚ್ಚಿದ. ಬಾವು ಇಳಿಯಿತು. ಅವನಿಗೆ ಮಜಾ ಅನ್ನಿಸಿ ಮತ್ತೆ ತೆರೆದು, ಮತ್ತೆ ಮುಚ್ಚಿ ನೋಡಿದ.

ಆಮೇಲೆ ಸಿಎಸ್‌ಎಸ್ ಪಾಠ ಬಂತು. ಪುಟದ ಬಣ್ಣ, ಅಳತೆ, ಅಂಚು, ಸಾಲುಗಳ ನಡುವಿನ ಜಾಗ, ಎಲ್ಲವನ್ನೂ ಹೇಳುವುದು ಅದು. ನಿಗಾರ್ ಒಂದು ಸಾಲಿನಲ್ಲಿ ಕೆಂಪನ್ನು ಅಳಿಸಿ ಹಸಿರು ಎಂದು ಬರೆದಳು. ಎಲ್ಲಾ ಪುಟಗಳ ಎಲ್ಲಾ ತಲೆಬರಹಗಳು ಒಟ್ಟಿಗೆ ಹಸಿರಾದವು.

ಪಾಷಾನಿಗೆ ಇಪ್ಪತ್ತು ವರ್ಷದ ಹಿಂದಿನ ಬೇಸಿಗೆ ನೆನಪಾಯಿತು. ಗೊಬ್ಬರದ ಕಂಪನಿಯೊಂದು ತನ್ನ ಬಣ್ಣ ಬದಲಿಸಿತೆಂದು ದೇವದುರ್ಗ, ಮಾನ್ವಿ ತಾಲೂಕಿನ ನಲವತ್ತು ಊರಿನ ಅಂಗಡಿ ಬೋರ್ಡುಗಳನ್ನು ಅವನು ಕೆಂಪಿನಿಂದ ಹಸಿರು ಮಾಡಿದ್ದ. ಏಣಿ ಹೊತ್ತು ಇಪ್ಪತ್ತಮೂರು ದಿನ. ಮಗಳಿಗೆ ಅದನ್ನು ಹೇಳಿದ.

“ಬ್ಯಾಸರ ಆತೇನು ಅಬ್ಬಾ?”

“ಇಲ್ಲ. ಈ ವಿದ್ಯಾ ಆವಾಗ ಇದ್ದಿದ್ರ ನಾ ಆ ನಲವತ್ತು ಊರು ನೋಡ್ತಿರಲಿಲ್ಲ. ಎಷ್ಟು ಮನಿಯಾಗ ಉಂಡೀನಿ ಗೊತ್ತೇನು?” ಎಂದ ಪಾಷಾ.

ಎಲ್ಲಾ ಚೆನ್ನಾಗಿಯೇ ಹೋಗುತ್ತಿತ್ತು, ಅಕ್ಷರದ ಮಾತು ಬರುವ ತನಕ. ಕಂಪ್ಯೂಟರಿನ ಅಕ್ಷರ ಪಾಷಾನಿಗೆ ಸೇರಲಿಲ್ಲ. ‘ಇವು ಎಲ್ಲಾ ಒಂದೇ ತಾಯಿ ಮಕ್ಕಳಂಗ ಅದಾವ, ಒಂದಕ್ಕೂ ಮೈಕಟ್ಟಿಲ್ಲ’ ಎಂದ. ಡ್ರಾಯಿಂಗ್ ಹಾಳೆ ಹರವಿ, ಬ್ರಶ್ಶಿನಲ್ಲಿ ಮಿಲ್ಲಿನ ಹೆಸರು, ವಿಳಾಸ, ಸಾವ್ಕಾರರ ತಂದೆಯ ಕಾಲದ ಕತೆ, ಎಲ್ಲವನ್ನೂ ಬರೆದು, ಫೋಟೊ ತೆಗೆದು, ಚಿತ್ರವಾಗಿ ಪುಟಕ್ಕೆ ಏರಿಸಿದ. ಅಷ್ಟೇ ಅಲ್ಲ, ದಿನದ ಭತ್ತದ ರೇಟನ್ನೂ ಬೆಳಿಗ್ಗೆ ಬೆಳಿಗ್ಗೆ ಬರೆದು ಫೋಟೊ ಹಾಕುವುದೆಂದು ಗೊತ್ತುಮಾಡಿದ. ಸೋನಾ ಮಸೂರಿ ಇಷ್ಟು, ಆರ್‌ಎನ್‌ಆರ್ ಇಷ್ಟು.

“ಚಿತ್ರದಾಗ ಅಕ್ಷರ ಹಾಕಬಾರ್ದು ಅಬ್ಬಾ. ಭಾರ ಆಗ್ತದ, ಮತ್ತ...” ಎಂದು ನಿಗಾರ್ ಶುರುಮಾಡಿದಳು.

“ಜಂಬಣ್ಣ ಸಾವ್ಕಾರ್ರು ಕೇಳಿದ್ದು ನನ್ನ ಕೈ. ಕಂಪ್ಯೂಟರಿನ ಕೈ ಅಲ್ಲ.”

ನಿಗಾರ್ ಹಾಳೆಯ ಮೇಲಿನ ಅಕ್ಷರಗಳನ್ನು ನೋಡಿದಳು. ಅವು ನಿಜಕ್ಕೂ ಚೆಂದ ಇದ್ದವು. ಸುಮ್ಮನಾದಳು.

ವೆಬ್‌ಸೈಟ್ ಶುರುವಾದ ದಿನ ಮಾನ್ವಿಯಲ್ಲಿ ಜಂಬಣ್ಣ ಪೇಡೆ ಹಂಚಿದ. ಮಿಲ್ಲಿಗೆ ಬಂದವರಿಗೆಲ್ಲ ಫೋನು ಹಿಡಿದು ತೋರಿಸಿದ. ನಾಲ್ಕನೇ ದಿನಕ್ಕೆ ಪಾಷಾನಿಗೆ ಫೋನು ಮಾಡಿ, “ಏನೋ, ಇವತ್ತೂ ನಿನ್ನಿ ರೇಟೇ ಅದಲ್ಲೋ?” ಎಂದು ಜೋರು ಮಾಡಿದ. ನಿಗಾರ್ ನೋಡಿ ಹೇಳಿದಳು: ಒಮ್ಮೆ ತಂದ ಚಿತ್ರವನ್ನು ಫೋನು ತನ್ನಲ್ಲೇ ಒಂದು ಕಾಪಿ ಇಟ್ಟುಕೊಳ್ಳುತ್ತದೆ, ಮತ್ತೆ ಮತ್ತೆ ತರುವ ತ್ರಾಸು ಬೇಡವೆಂದು. ಅದಕ್ಕೆ ಕ್ಯಾಶ್ ಅನ್ನುತ್ತಾರೆ. ಪಾಷಾ ದಿನಾ ಒಂದೇ ಹೆಸರಿನ ಫೋಟೊ ಏರಿಸುತ್ತಿದ್ದ, ಫೋನಿಗೆ ಹೊಸದು ಹಳೆಯದು ಗೊತ್ತಾಗಿರಲಿಲ್ಲ. ಅಂದಿನಿಂದ ಪಾಷಾ ಫೋಟೊದ ಹೆಸರಿಗೆ ತಾರೀಖು ಸೇರಿಸಿದ. ಅದೂ ಸರಿಹೋಯಿತು.

ಮೂರು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು.

“ಪಾಷಾ ಅವರಾ? ನಾ ಮಲ್ಲಟದಿಂದ ಕೊಟ್ರೇಶ ಮಾತಾಡಾಕತ್ತೀನ್ರಿ. ಮಿಲ್ಲಿನ ಗುಮಾಸ್ತರು ನಿಮ್ಮ ನಂಬರ್ ಕೊಟ್ರು. ನಿಮ್ಮ ವೆಬ್‌ಸೈಟ್ ನನಗ ಸಿಗವಲ್ದು.”

“ನೆಟ್‌ವರ್ಕ್ ಇರಲಿಕ್ಕಿಲ್ಲ ತಮ್ಮಾ.”

“ಒಂದೇ ಕಡ್ಡಿ ಅದರಿ, ತೆರಿಯಾಕ ಬಾಳ ಹೊತ್ತು ತಗೊಂತದ. ಅದು ಇರಲ್ರಿ. ತೆರದ ಮ್ಯಾಲೂ ತ್ರಾಸು ಅದ. ನನಗ ಕಣ್ಣು ಕಾಣಂಗಿಲ್ರಿ.”

ಕಣ್ಣಿಲ್ಲದವನಿಗೆ ವೆಬ್‌ಸೈಟಿನ ಗೊಡವೆ ಯಾಕೆ ಎಂದು ಬಾಯಿ ತುದಿಗೆ ಬಂದದ್ದನ್ನು ಪಾಷಾ ನುಂಗಿಕೊಂಡ. “ಹಂಗಾದ್ರ ನೀ ಹ್ಯಾಂಗ ನೋಡ್ತಿ?”

“ನಾ ನೋಡಂಗಿಲ್ರಿ, ಫೋನು ಓದಿ ಹೇಳ್ತದ. ಪೇಪರ್ ಓದ್ತದ, ಬಸ್ಸಿನ ಟೈಮು ಓದ್ತದ, ವಾಟ್ಸಾಪ್ ಓದ್ತದ. ನಿಮ್ಮದೊಂದು ಓದವಲ್ದು.”

ಫೋನು ಇಟ್ಟ ಮೇಲೆ ಪಾಷಾ ಹಿಡಿದ ಕೆಲಸ ಬಿಟ್ಟು ಕಟ್ಟೆಯ ಮೇಲೆ ಕುಂತ. ಮೂವತ್ತೈದು ವರ್ಷದಲ್ಲಿ ‘ನೀನು ಬರೆದದ್ದು ಓದಲಿಕ್ಕಾಗುವುದಿಲ್ಲ’ ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಮರುದಿನವೇ ಮಗಳನ್ನು ಕರೆದುಕೊಂಡು ಮಲ್ಲಟದ ಬಸ್ಸು ಹತ್ತಿದ.

ಕೊಟ್ರೇಶನಿಗೆ ಮೂವತ್ತರ ಮೇಲೆ ವಯಸ್ಸು, ಹಣೆಯಲ್ಲಿ ವಿಭೂತಿ, ನಕ್ಕರೆ ಕೆನ್ನೆಯಲ್ಲಿ ಗುಳಿ. ಶಾಲೆಯ ಮೂರನೇ ಇಯತ್ತೆಯಲ್ಲಿದ್ದಾಗ ಜ್ವರ ಬಂದು ಕಣ್ಣು ಹೋಗಿತ್ತು. ಆರು ಎಕರೆ ಗದ್ದೆ, ಅದರ ವ್ಯವಹಾರವೆಲ್ಲ ಅವನದೇ. ಭತ್ತದ ಕಾಳು ಹಲ್ಲಿನಲ್ಲಿ ಕಡಿದು ಇನ್ನೆಷ್ಟು ಒಣಗಬೇಕೆಂದು ಹೇಳುತ್ತಿದ್ದ, ಯಾವ ಮಿಲ್ಲಿಗೆ ಯಾವತ್ತು ಒಯ್ಯಬೇಕೆಂದು ಫೋನಿನಲ್ಲೇ ಗೊತ್ತುಮಾಡುತ್ತಿದ್ದ. ತಾಯಿ ಮಹಾಂತಮ್ಮ ಗದ್ದೆ ನೋಡಿಕೊಳ್ಳುವವಳು. ಬಂದವರಿಗೆ ರೊಟ್ಟಿ, ಪುಂಡಿಪಲ್ಯ ಇಟ್ಟು ಅವಳು ಅಲ್ಲೇ ಕುಂತಳು.

ಕೊಟ್ರೇಶ ಫೋನು ತೆಗೆದು ಮಿಲ್ಲಿನ ಹೆಸರು ಹೇಳಿದ. ಪುಟ ತೆರೆಯಲು ಹೊತ್ತು ಹಿಡಿಯಿತು. ಆಮೇಲೆ ಬೆರಳಿನಿಂದ ಪರದೆಯ ಮೇಲೆ ಎಳೆದ. ಫೋನಿನೊಳಗಿನ ಹೆಣ್ಣುದನಿ ಹೇಳಿತು, “ಚಿತ್ರ.” ಮತ್ತೆ ಎಳೆದ. “ಚಿತ್ರ.” ಮತ್ತೆ ಎಳೆದ. “ಚಿತ್ರ.”

“ಇಷ್ಟೇ ನೋಡ್ರಿ ನಿಮ್ಮ ಅಂಗಡಿಯಾಗಿನ ಮಾಲು” ಎಂದು ಕೊಟ್ರೇಶ ನಕ್ಕ.

ಮಹಾಂತಮ್ಮ ನಗಲಿಲ್ಲ. “ಮೊದಲಿಗೆ ಫೋನ್ ಹಚ್ಚಿದ್ರ ಗುಮಾಸ್ತ ಬಾಯಿಲೆ ರೇಟ್ ಹೇಳ್ತಿದ್ದ. ಈಗ ವೆಬ್‌ಸೈಟ್ ನೋಡ್ರಿ ಅಂತಾನ. ನನಗ ಸಾಲಿ ಇಲ್ಲ, ಇವಗ ಕಣ್ಣಿಲ್ಲ. ಹೋದ ಸೋಮವಾರ ಟ್ರ್ಯಾಕ್ಟರ್ ತುಂಬಿಕೊಂಡು ಮಾನ್ವಿಗೆ ಹೋದ್ವಿ ಯಪ್ಪಾ. ಮಿಲ್ಲು ಬಂದ್. ಮಷೀನ್ ರಿಪೇರಿ ಅಂತ. ತುಂಬಿದ್ದು ತುಂಬಿದಂಗ ತಿರುಗಿ ಬಂದ್ವಿ.”

ಪಾಷಾನ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ‘ಸೋಮವಾರ ಮಿಲ್ಲಿಗೆ ರಜಾ’ ಎಂಬ ಸೂಚನೆಯನ್ನು ಬರೆದು ಚಿತ್ರವಾಗಿ ಪುಟಕ್ಕೆ ಏರಿಸಿದವನು ಅವನೇ. ಅದರ ‘ರ’ ಬಹಳ ಚೆನ್ನಾಗಿ ಬಂದಿದೆ ಎಂದು ಸುಗ್ರಾ ಬೇಗಂಳನ್ನು ಕರೆದು ತೋರಿಸಿದ್ದ ಕೂಡ.

“ತಪ್ಪು ನಂದು ಯವ್ವಾ” ಎಂದ.

ಕೊಟ್ರೇಶನಿಗೆ ಅದರ ಮೇಲೆ ಸಿಟ್ಟಿದ್ದಂತೆ ಕಾಣಲಿಲ್ಲ. “ಅಕ್ಷರ ಬಾಳ ಚೆಂದ ಅದಾವ ಅಂತಾಳ್ರಿ ಅವ್ವ. ಹ್ಯಾಂಗದಾವ?” ಎಂದು ಕೇಳಿದ. ಪಾಷಾ ಅವನ ಅಂಗೈ ಹಿಡಿದು, ತೋರುಬೆರಳಿನಿಂದ ನಿಧಾನಕ್ಕೆ ‘ಮಲ್ಲಟ’ ಎಂದು ಬರೆದ. ಎಲ್ಲಿ ಬ್ರಶ್ಶು ಒತ್ತಬೇಕೋ ಅಲ್ಲಿ ಒತ್ತಿ, ಎಲ್ಲಿ ತೇಲಿಸಬೇಕೋ ಅಲ್ಲಿ ತೇಲಿಸಿ. ಕೊಟ್ರೇಶ ಮುಖ ಮೇಲೆತ್ತಿ, ಮೂರನೇ ಇಯತ್ತೆಯ ಅಕ್ಷರಗಳನ್ನು ನೆನಪಿಸಿಕೊಳ್ಳುತ್ತಾ ಪೂರ್ತಿ ಓದಿದ.

“ಭಾರೀ ಅದಾವ್ರಿ” ಎಂದ. ಕೈ ಹಿಂದಕ್ಕೆ ತೆಗೆದುಕೊಂಡು, “ಇವತ್ತಿನ ಆರ್‌ಎನ್‌ಆರ್ ರೇಟ್ ಎಷ್ಟು, ಅದನ್ನ ಹೇಳ್ರಿ ಮೊದಲು” ಎಂದ.

ಎಲ್ಲರೂ ನಕ್ಕರು, ಪಾಷಾನೂ.

ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಂತ ಪಾಷಾ ಮಗಳನ್ನು ಕೇಳಿದ, “ನಿನಗ ಇದು ಮೊದಲೇ ಗೊತ್ತಿತ್ತು?”

“ಗೊತ್ತಿತ್ತು. ಒಮ್ಮೆ ಹೇಳಾಕ ಹೋದೆ. ಆಮ್ಯಾಲ ನಿಮ್ಮ ಅಕ್ಷರ ನೋಡಿ ಬಾಯಿ ಬರಲಿಲ್ಲ. ಅದು ನನ್ನ ತಪ್ಪು.”

ಕಲ್ಮಲ ಬರುವ ತನಕ ಅವಳು ತಿಳಿಸಿ ಹೇಳಿದಳು. ಅಕ್ಷರವನ್ನು ಅಕ್ಷರವಾಗಿಯೇ ಹಾಕಿದರೆ ಫೋನು ಅದನ್ನು ಓದಬಲ್ಲದು, ದೊಡ್ಡದು ಮಾಡಬಲ್ಲದು, ಬೇರೆ ಭಾಷೆಗೆ ತಿರುಗಿಸಬಲ್ಲದು, ಹುಡುಕಿದವರಿಗೆ ಸಿಗುವಂತೆಯೂ ಮಾಡಬಲ್ಲದು. ಚಿತ್ರ ಹಾಕಲೇಬೇಕೆಂದರೆ ಅದರ ಹಿಂದೆ ‘ಇದು ಇಂಥ ಚಿತ್ರ’ ಎಂದು ಒಂದು ಸಾಲು ಬರೆದಿಡಬೇಕು. ಅದು ಕಣ್ಣಿಗೆ ಕಾಣುವುದಿಲ್ಲ, ಓದುವ ಫೋನಿಗೆ ಮಾತ್ರ ಕಾಣುತ್ತದೆ. ಅದರ ಹೆಸರು ಆಲ್ಟ್. ಪುಟ ಹಗುರ ಇದ್ದಷ್ಟೂ ಒಂದೇ ಕಡ್ಡಿ ನೆಟ್‌ವರ್ಕ್ ಇದ್ದವರಿಗೂ ಬೇಗ ತೆರೆಯುತ್ತದೆ.

“ಎಲ್ಲಾ ತಗೀತೀನಿ ಬೇಟಿ” ಎಂದ ಪಾಷಾ.

“ಎಲ್ಲಾ ಬ್ಯಾಡ. ಮ್ಯಾಲಿನ ಮಿಲ್ಲಿನ ಹೆಸರು ನಿಮ್ಮ ಕೈಲೆ ಬರ್ದದ್ದೇ ಇರಲಿ. ಸಣ್ಣದು ಮಾಡಿ, ಆಲ್ಟ್ ಬರ್ದು ಇಡೋಣು.”

ಪಾಷಾ ಒಪ್ಪಿದ. ಜಂಬಣ್ಣ ಒಪ್ಪಬೇಕಿತ್ತು. ಎರಡು ದಿನ ಬಿಟ್ಟು ಮಾನ್ವಿಗೆ ಹೋದರೆ ಸಾವ್ಕಾರ ಗದ್ದುಗೆಯ ಮೇಲಿಂದಲೇ ಕೈ ಬೀಸಿದ. “ಹುಚ್ಚದೀಯೇನು? ಆ ಅಕ್ಷರ ನೋಡಿ ಸಿಂಧನೂರಿನವರೂ ಕೇಳಾಕತ್ಯಾರ. ಒಬ್ಬ ಮನಿಶ್ಯಾನ ಸಲುವಾಗಿ ತಗಿಯೋದಾ?”

ಪಾಷಾ ವಾದ ಮಾಡಲಿಲ್ಲ. “ಸಾವ್ಕಾರ್ರ, ನಿಮ್ಮ ಫೋನ್ ಕೊಡ್ರಿ” ಎಂದು ಇಸಿದುಕೊಂಡು, ನಿಗಾರ್ ತೋರಿಸಿಕೊಟ್ಟಂತೆ ಓದುವ ದನಿಯನ್ನು ಚಾಲೂ ಮಾಡಿ ಮಿಲ್ಲಿನ ಪುಟ ತೆರೆದ. “ಈಗ ಕಣ್ಣು ಮುಚ್ಚಿ ಬೆರಳು ಎಳೀರಿ. ನಿಮ್ಮ ಮಿಲ್ಲು ಹುಡುಕ್ರಿ.”

ಜಂಬಣ್ಣ ಆಟವೆಂದುಕೊಂಡು ಕಣ್ಣು ಮುಚ್ಚಿದ. “ಚಿತ್ರ” ಎಂದಿತು ಫೋನು. ಎಳೆದ. “ಚಿತ್ರ.” ಐದನೇ ಸಲಕ್ಕೆ ಕಣ್ಣು ಬಿಟ್ಟ. ಮುಖದಲ್ಲಿ ಗಾಬರಿಯಿತ್ತು.

“ಇದರಾಗ ನಮ್ಮಪ್ಪನ ಹೆಸರೇ ಇಲ್ಲಲ್ಲೋ!”

“ಕಣ್ಣಿದ್ದವರಿಗೆ ಅದ. ಇಲ್ಲದವರಿಗೆ ಇಲ್ಲ. ಮಹಾಂತಮ್ಮನೋರು ಟ್ರ್ಯಾಕ್ಟರ್ ತುಂಬ್ಕೊಂಡು ಬಂದು ತಿರುಗಿ ಹೋಗ್ಯಾರ.”

ಜಂಬಣ್ಣ ಸ್ವಲ್ಪ ಹೊತ್ತು ಮೀಸೆ ತೀಡಿದ. ಒರಟ, ಆದರೆ ಕೆಟ್ಟವನಲ್ಲ. “ತಗಿ ಹಂಗಾದ್ರ” ಎಂದ. ಗುಮಾಸ್ತನನ್ನು ಕೂಗಿ, ಮಲ್ಲಟದವರು ಫೋನ್ ಹಚ್ಚಿದರೆ ಬಾಯಲ್ಲೇ ಹೇಳು, ಪುಟ ಸರಿಯಾಗುವ ತನಕ, ಎಂದೂ ಹೇಳಿದ.

ಪಾಷಾ ಹತ್ತು ದಿನ ಕುಂತು ಎಲ್ಲವನ್ನೂ ಮತ್ತೆ ಬರೆದ. ಬ್ರಶ್ಶಿನಿಂದಲ್ಲ, ಎರಡು ಬೆರಳಿನಿಂದ ಕೀಬೋರ್ಡು ಕುಟ್ಟಿ. ಕಂಪ್ಯೂಟರಿನ ಅಕ್ಷರಗಳಲ್ಲೇ ಮೈಕಟ್ಟು ಇದ್ದದ್ದೊಂದನ್ನು ಹುಡುಕಿದ. ಸಾಲುಗಳ ನಡುವೆ ಉಸಿರಾಡುವಷ್ಟು ಜಾಗ ಬಿಟ್ಟ, ಬಿಸಿಲಲ್ಲಿ ಫೋನು ಹಿಡಿದರೂ ಕಾಣಲಿ ಎಂದು ಬಿಳಿಯ ಮೇಲೆ ಗಾಢ ಕಪ್ಪು ಇಟ್ಟ. ಅದನ್ನು ಅವನಿಗೆ ಯಾರೂ ಕಲಿಸಬೇಕಿರಲಿಲ್ಲ. ನಿಗಾರ್ ಫೋನಿನಲ್ಲಿ, ಲ್ಯಾಪ್‌ಟಾಪಿನಲ್ಲಿ ತೆರೆದು ತೋರಿಸಿದಳು. ಪರದೆ ಸಣ್ಣದಿದ್ದರೆ ಪುಟವೂ ತಾನೇ ಸಣ್ಣಗೆ ಹೊಂದಿಕೊಳ್ಳುತ್ತಿತ್ತು. ಇಂಥದಕ್ಕೆ ರೆಸ್ಪಾನ್ಸಿವ್ ಅನ್ನುತ್ತಾರೆ ಎಂದಳು.

ಪುಟ ಏರಿಸಿದ ಕೂಡಲೇ ಅವನು ಫೋನು ಮಾಡಿದ್ದು ಸಾವ್ಕಾರನಿಗಲ್ಲ, ಮಲ್ಲಟಕ್ಕೆ. ಕೊಟ್ರೇಶ ತನ್ನ ತಾಯಿಯ ಫೋನಿನಲ್ಲಿ ಮಾತಾಡುತ್ತಾ, ತನ್ನ ಫೋನಿನಲ್ಲಿ ಪುಟ ತೆರೆದ. ಆ ಹೆಣ್ಣುದನಿ ಮಿಲ್ಲಿನ ಹೆಸರು ಹೇಳಿತು, ಸಾವ್ಕಾರನ ತಂದೆಯ ಹೆಸರು ಹೇಳಿತು. ರಾಯಚೂರಿನಲ್ಲಿ ಪಾಷಾ ಉಸಿರು ಹಿಡಿದು ಕೇಳಿದ. ತನ್ನ ಬರಹ ಇನ್ನೊಬ್ಬರ ಬಾಯಲ್ಲಿ ಬರುವುದನ್ನು ಅವನು ಅದೇ ಮೊದಲು ಕೇಳಿದ್ದು.

“ಲಗೂನ ತೆರೀತ್ರಿ. ಓದ್ತದ. ಆದ್ರ ಒಂದು ಐಬು ಅದ” ಎಂದ ಕೊಟ್ರೇಶ. “ರೇಟು ಮೂರು ಹೇಳ್ತು. ಯಾವುದು ಯಾವ ಭತ್ತದ್ದು ಅಂತ ಹೇಳಲಿಲ್ಲ.”

ನಿಗಾರ್ ನಾಲಿಗೆ ಕಚ್ಚಿಕೊಂಡಳು. ರೇಟಿನ ಪಟ್ಟಿಯಲ್ಲಿ ಭತ್ತದ ಹೆಸರುಗಳಿದ್ದ ತಲೆಸಾಲನ್ನು ತಲೆಸಾಲೆಂದು ಫೋನಿಗೆ ತಿಳಿಯುವಂತೆ ಗುರುತಿಸಿರಲಿಲ್ಲ. ಅಲ್ಲೇ ತಿದ್ದಿದಳು. ಕೊಟ್ರೇಶ ಮತ್ತೆ ತೆರೆದ. “ಈಗ ಬಂತ್ ನೋಡ್ರಿ!” ಎಂದ. ಹಿಂದಿನಿಂದ ಮಹಾಂತಮ್ಮ, “ಆರ್‌ಎನ್‌ಆರ್ ಎಷ್ಟಂತೋ?” ಎಂದು ಕೂಗಿದ್ದೂ ಕೇಳಿಸಿತು. ಆ ವಾರ ಅವರ ಭತ್ತ ಮಾನ್ವಿಗೆ ಹೋಯಿತು, ಗಾಡಿ ಖಾಲಿಯಾಗಿ ತಿರುಗಿ ಬಂತು.

ಅಂದಿನಿಂದ ಪಾಷಾ ಏನೇ ಹೊಸದು ಮಾಡಿದರೂ ಮೊದಲು ಕೊಟ್ರೇಶನಿಗೆ ಕಳಿಸುವುದೆಂದಾಯಿತು. ಕೊಟ್ರೇಶ ಮುಲಾಜಿಲ್ಲದೆ ಐಬು ಹೇಳುತ್ತಿದ್ದ. ನಿಗಾರ್ ತನ್ನ ಕಂಪನಿಯವರಿಗೂ ಅವನ ವಿಷಯ ಹೇಳಿದಳು. ಈಗ ಅವರ ಪುಟಗಳನ್ನೂ ತಿಂಗಳಿಗೆ ನಾಲ್ಕಾರು ಸಲ ಅವನು ಕೇಳಿ ನೋಡುತ್ತಾನೆ, ಅದಕ್ಕೆ ಅವರು ಸಂಬಳ ಕೊಡುತ್ತಾರೆ.

ಮಳೆಗಾಲ ಶುರುವಾಗುವ ಮುಂಚೆ ದೇವದುರ್ಗ ತಾಲೂಕಿನ ಮಸರಕಲ್ಲಿನಿಂದ ಸುನಂದಾ ಎಂಬಾಕೆ ಪಾಷಾನನ್ನು ಹುಡುಕಿದಳು. ಮೆಣಸಿನಕಾಯಿ, ಬದನೆ ಸಸಿ ಬೆಳೆಸಿ ಮಾರುವ ಹೆಣ್ಣುಮಗಳು. ತಂದೆ ಮಗಳು ಇಬ್ಬರೂ ಹೋದರು. ಹಸಿರು ಪರದೆಯ ನೆರಳಿನಲ್ಲಿ ಟ್ರೇಗಳ ಸಾಲು, ಒಳಗೆ ತಣ್ಣಗೆ, ಹಸಿಮಣ್ಣಿನ ವಾಸನೆ.

“ಅಕ್ಷರ ಯಾವ ಬಣ್ಣದಾಗ ಬರೀತೀರಿ?” ಎಂದು ಸುನಂದಾ ಕೇಳಿದಳು.

“ಬಣ್ಣ ಆಮ್ಯಾಲ ತಂಗೀ. ನಿನ್ನ ಸಸಿ ಯಾರು ಒಯ್ತಾರ?”

“ಹೆಣ್ಮಕ್ಕಳೇ ಬಾಳ್ರಿ. ಸುತ್ತ ಹತ್ತಿಪ್ಪತ್ತು ಹಳ್ಳಿಯವರು. ಎಲ್ಲಾರ ಮನಿಯಾಗೂ ಫೋನ್ ಅದ, ಅರ್ಧಾ ಮಂದಿಗೆ ಓದಾಕ ಬರಂಗಿಲ್ಲ.”

ಪಾಷಾ ಮಗಳ ಕಡೆ ನೋಡಿದ. “ಗುಂಡಿ ಒತ್ತಿದ್ರ ದನಿ ಬರೋದು ಏನೋ ಹೇಳಿದ್ದೆಲ್ಲ ನೀನು? ಪುಟ ಆಡಿಸೋದು?”

“ಜಾವಾಸ್ಕ್ರಿಪ್ಟ್.”

“ಅದನ್ನ ಇನ್ನೂ ಕಲ್ತಿಲ್ಲ ನಾ. ಇವತ್ತೇ ಶುರು ಮಾಡೋಣು.” ಸುನಂದಾಳಿಗೆ ಅಂದ, “ಒಂದೊಂದು ಸಸಿ ಚಿತ್ರದ ಕೆಳಗ ಒಂದು ಗುಂಡಿ ಇಡ್ತೀವಿ. ಒತ್ತಿದ್ರ ನಿನ್ನ ದನಿಯಾಗೇ ಬರಬೇಕು. ಯಾವ ಸಸಿ, ಯಾವಾಗ ಹಚ್ಚಬೇಕು, ಎಷ್ಟು ನೀರು. ಹೇಳ್ತಿ?”

ಸುನಂದಾ ಸೆರಗು ಸರಿಮಾಡಿಕೊಂಡಳು, ಫೋಟೊಕ್ಕೆ ನಿಂತವಳಂತೆ. ನಿಗಾರ್ ಫೋನು ಮುಂದೆ ಹಿಡಿದಳು. ಸುನಂದಾ ಎರಡು ಹೊಲದಾಚೆ ಇದ್ದವರನ್ನು ಕರೆಯುವ ದನಿಯಲ್ಲಿ, “ಕೇಳ್ರಬೇ ಯಕ್ಕಗೋಳ್ಯಾ, ಇದು ಬ್ಯಾಡಗಿ ಮೆಣಸಿನಕಾಯಿ!” ಎಂದು ಶುರುಮಾಡಿದಳು. ಪರದೆಯ ಮೇಲೆ ಕೂತಿದ್ದ ಗುಬ್ಬಿಗಳು ಬುರ್ರನೆ ಹಾರಿದವು. ಪಾಷಾ ನಗು ತಡೆದುಕೊಂಡು, ಸುಮ್ಮನಿರು ಎಂದು ಮಗಳಿಗೆ ಕೈಸನ್ನೆ ಮಾಡಿ, ಟ್ರೇ ಒಂದನ್ನು ಪಕ್ಕಕ್ಕೆ ಸರಿಸಿ ಮಣ್ಣಿನ ಮೇಲೆಯೇ ಕುಂತು ಕೇಳತೊಡಗಿದ.